ಬೆಳಗಿನ ಹಳ್ಳ ಬೇರೆ, ಸಂಜೆಯ ಹಳ್ಳ ಬೇರೆ

ನ್ಯೂಯಾರ್ಕ್ ರಾಜ್ಯದ ಪರಿಸರ ಸಂರಕ್ಷಣಾ ಇಲಾಖೆ ಪ್ರತಿ ವರ್ಷ ಏಪ್ರಿಲ್ ಹೊತ್ತಿಗೆ ಚಾರಣಿಗರಿಗೆ ಒಂದು ಮನವಿ ಹೊರಡಿಸುತ್ತದೆ. ಅಡಿರಾಂಡಾಕ್ ಬೆಟ್ಟಗಳಲ್ಲಿ 2,500 ಅಡಿಗಿಂತ ಮೇಲಿನ ಹಾದಿಗಳಿಗೆ ಸದ್ಯ ಹೋಗಬೇಡಿ, ಹಿಮ ಕರಗಿ ನೆಲ ಒಣಗುವವರೆಗೆ ತಾಳಿ ಎಂದು. ಪಕ್ಕದ ವರ್ಮಾಂಟ್ ಇನ್ನೂ ಬಿಗಿ. ಕ್ಯಾಮೆಲ್ಸ್ ಹಂಪ್, ಮ್ಯಾನ್ಸ್‌ಫೀಲ್ಡ್‌ನಂಥ ಬೆಟ್ಟಗಳಲ್ಲಿ ರಾಜ್ಯದ ಜಾಗದ ಮೇಲಿರುವ ಹಾದಿಗಳನ್ನು ಅದು ಮೇ ಕೊನೆಯ ಮೆಮೋರಿಯಲ್ ಡೇ ರಜೆಯವರೆಗೆ ಮುಚ್ಚಿಯೇ ಬಿಡುತ್ತದೆ. ನ್ಯೂಯಾರ್ಕ್‌ನಲ್ಲಿ ಹಾಗಿಲ್ಲ. ಮನವಿ ಮನವಿಯಾಗಿಯೇ ಉಳಿಯುತ್ತದೆ. ಹಾದಿಯ ಬಾಯಲ್ಲಿ ಬೀಗವಿಲ್ಲ, ತಡೆಯುವ ಕಾವಲುಗಾರನೂ ಇಲ್ಲ. ಹಾಗಾಗಿ ಅದನ್ನು ಓದಿ ಪಕ್ಕಕ್ಕಿಟ್ಟು ನಡೆಯುವವರು ಬಹಳ ಜನ. ನನ್ನ ಭಾವ ಅವರಲ್ಲೊಬ್ಬರು.

ಭಾವನ ಊರು ತೀರ್ಥಹಳ್ಳಿಯ ಕಡೆ. ಕೆಲಸ ನ್ಯೂಜೆರ್ಸಿಯಲ್ಲಿ. ಒಂದು ಏಪ್ರಿಲ್‌ನಲ್ಲಿ ಊರಿನಿಂದ ಅವರ ಅಮ್ಮ ಬಂದಿದ್ದರು. ಎಲ್ಲರೂ ಸೇರಿ ಐದು ತಾಸು ಗಾಡಿ ಓಡಿಸಿಕೊಂಡು ಅಡಿರಾಂಡಾಕ್ ಬೆಟ್ಟಗಳ ನಡುವಿನ ಲೇಕ್ ಪ್ಲ್ಯಾಸಿಡ್ ಊರಿಗೆ ಹೋಗಿದ್ದೆವು. ಅಮ್ಮ ಮತ್ತು ಅಕ್ಕ ರೂಮಿನಲ್ಲೇ ಉಳಿಯುವುದು, ಭಾವ, ಅವರ ಮಗ ಮತ್ತು ನಾನು ಬೆಟ್ಟದ ಮೇಲಿನ ಅವಲಾಂಚ್ ಲೇಕ್ ಎಂಬ ಕೆರೆ ನೋಡಿ ಸಂಜೆಯೊಳಗೆ ಬರುವುದು ಎಂದು ಭಾವನೇ ತೀರ್ಮಾನಿಸಿದ್ದರು. ಇಲಾಖೆಯ ಮನವಿಯನ್ನು ಅವರಿಗೆ ಫೋನಿನಲ್ಲಿ ತೋರಿಸಿದ್ದಾಯಿತು. ಅಕ್ಕ, "ರೀ, ಹುಡುಗನ್ನ ಬೇರೆ ಕರ್ಕೊಂಡು ಹೋಗ್ತಿದೀರಿ, ಒಂದ್ಸಲ ಯೋಚನೆ ಮಾಡಿ" ಎಂದಳು. ಭಾವನ ಉತ್ತರ ಒಂದೇ: "ಕೆಸರಿಗೆ ಹೆದರೋದಾ ಮಾರಾಯ್ತಿ? ಆಷಾಢದಲ್ಲಿ ಗದ್ದೆ ಅಂಚಿನ ಮೇಲೆ ಓಡಿ ಶಾಲೆಗೆ ಹೋದವ ನಾನು."

ಮಲೆನಾಡಿನವರ ಈ ಧೈರ್ಯದಲ್ಲಿ ಸುಳ್ಳಿಲ್ಲ. ಆಗುಂಬೆಯ ಆಸುಪಾಸಿನ ಮಳೆ ಕಂಡವರಿಗೆ, ಉಂಬಳ ಕಿತ್ತು ಸುಣ್ಣ ಹಚ್ಚಿಕೊಂಡು ನಡೆದವರಿಗೆ ಕಾಲು ಹೂಳುವುದು ಹೊಸದಲ್ಲ. ಆದರೆ ಅಡಿರಾಂಡಾಕ್‌ನ ಏಪ್ರಿಲ್ ಕೆಸರು ಬೇರೆಯೇ ಜಾತಿಯದು, ಮಲೆನಾಡಿನ ಅನುಭವ ಅಲ್ಲಿ ದಾರಿ ತಪ್ಪಿಸುತ್ತದೆ. ಈ ಲೇಖನ ಬರೆಯುತ್ತಿರುವುದೇ ಈ ಮಾತು ಹೇಳಲಿಕ್ಕೆ.

ಮಲೆನಾಡಿನಲ್ಲಿ ನೀರು ಮೇಲಿನಿಂದ ಬೀಳುತ್ತದೆ, ಬೆಚ್ಚಗಿನ ನೆಲ ಅದನ್ನು ಹೀರುತ್ತದೆ. ಅಡಿರಾಂಡಾಕ್‌ನಲ್ಲಿ ಚಳಿಗಾಲವಿಡೀ ನೆಲ ಆಳದವರೆಗೆ ಹೆಪ್ಪುಗಟ್ಟಿರುತ್ತದೆ. ವಸಂತದ ಬಿಸಿಲಿಗೆ ಮೊದಲು ಕರಗುವುದು ಮೇಲಿನ ನಾಲ್ಕಾರು ಅಂಗುಲ ಮಾತ್ರ. ಅದರ ಕೆಳಗಿನ ಮಣ್ಣು ಇನ್ನೂ ಕಲ್ಲಿನಷ್ಟು ಗಟ್ಟಿ. ಕರಗಿದ ನೀರಿಗೆ ಕೆಳಗಿಳಿಯಲು ದಾರಿಯೇ ಇಲ್ಲ. ತಳದಲ್ಲಿ ತೂತಿಲ್ಲದ ಹೂಕುಂಡಕ್ಕೆ ನೀರು ಹೊಯ್ದ ಹಾಗೆ ಮೇಲಿನ ಮಣ್ಣು ಅಂಬಲಿಯಾಗಿ ನಿಂತುಬಿಡುತ್ತದೆ. ಅಲ್ಲಿ ಬಂಡೆಯ ಮೇಲೆ ಕುಳಿತಿರುವ ಮಣ್ಣೇ ತೆಳು. ಮೇಲಾಗಿ ಹಳೆಯ ಹಾದಿಗಳು ನಮ್ಮ ಘಟ್ಟದ ರಸ್ತೆಗಳಂತೆ ತಿರುತಿರುಗಿ ಏರುವುದಿಲ್ಲ, ಬೆಟ್ಟದ ಮುಖಕ್ಕೆ ನೇರ ಹತ್ತುತ್ತವೆ. ನಡೆಯುವವರು ಹಿಡಿದ ದಾರಿಯನ್ನೇ ನೀರೂ ಹಿಡಿಯುತ್ತದೆ. ಏಪ್ರಿಲ್‌ನಲ್ಲಿ ಅರ್ಧ ಹಾದಿ ತೊರೆಯಾಗಿರುತ್ತದೆ.

ಆಗ ನಡೆಯುವವರು ಮಾಡುವುದೇನು? ಶೂ ನೆನೆಯಬಾರದೆಂದು ಪಕ್ಕದ ಪಾಚಿಯ ಮೇಲೆ, ಎಳೆ ಗಿಡಗಳ ಮೇಲೆ ಕಾಲಿಡುತ್ತಾರೆ. ಹಿಂದೆ ಬಂದವರು ಅದಕ್ಕೂ ಆಚೆ ಇಡುತ್ತಾರೆ. ಎರಡಡಿಯ ಕಾಲುದಾರಿ ಒಂದೇ ವಸಂತದಲ್ಲಿ ಗಾಡಿ ಹೋಗುವಷ್ಟು ಅಗಲವಾಗುತ್ತದೆ. ಬೇರು ಹಿಡಿದಿಟ್ಟ ಮಣ್ಣು ಕೊಚ್ಚಿಹೋಗುತ್ತದೆ, ಮತ್ತೆ ಕಟ್ಟಿಕೊಳ್ಳಲು ದಶಕಗಳೇ ಬೇಕು. ಇಲಾಖೆಯ ಮನವಿಗೆ ಮೊದಲ ಕಾರಣ ಇದು. ಅಡಿರಾಂಡಾಕ್ ಪಾರ್ಕಿನ ವಿಸ್ತೀರ್ಣ ಸುಮಾರು 60 ಲಕ್ಷ ಎಕರೆ, ಕರ್ನಾಟಕದ ಎಂಟನೇ ಒಂದು ಭಾಗದಷ್ಟು. ಅದರಲ್ಲಿ ಸರಕಾರಕ್ಕೆ ಸೇರಿದ ಕಾಡು ಎಂದೆಂದಿಗೂ ಕಾಡಾಗಿಯೇ ಇರಬೇಕೆಂದು ಆ ರಾಜ್ಯ 1894ರಲ್ಲಿ ತನ್ನ ಸಂವಿಧಾನದಲ್ಲೇ ಬರೆದಿಟ್ಟಿದೆ. ಅಷ್ಟು ಕಾಳಜಿಯಿಂದ ಉಳಿಸಿಕೊಂಡ ಕಾಡಿಗೆ ಹೋಗಿ ಪಾಚಿ ತುಳಿಯುವುದು ತಪ್ಪು. ಇದು ಅಮೆರಿಕದ ಮಾತಷ್ಟೇ ಅಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಜನ ಸಂತೆಯಂತೆ ಸೇರಿದ ಮೇಲೆ ನಮ್ಮ ಅರಣ್ಯ ಇಲಾಖೆಯೂ ಚಾರಣಕ್ಕೆ ಕಡಿವಾಣ ಹಾಕಿ ಆನ್‌ಲೈನ್ ಬುಕಿಂಗ್ ತಂದದ್ದು ನೆನಪಿರಬಹುದು.

ಇಲ್ಲಿಯವರೆಗಿನದು ಹಾದಿಯ ಕಷ್ಟ. ನಡೆಯುವವರ ಜೀವಕ್ಕೆ ಬರುವ ಕಷ್ಟ ಬೇರೆ ಇದೆ. ಮನವಿ ಓದುವವರು 'ಕೆಸರು' ಎಂಬ ಪದ ನೋಡಿ ಅದನ್ನು ಊಹಿಸುವುದೇ ಇಲ್ಲ.

ಹಿಂದಿನ ಸಂಜೆ ಭಾವ ಊರಿನ ಒಂದು ಅಂಗಡಿಗೆ ಹೋಗಿ ಬಾಡಿಗೆಗೆ ಸ್ನೋಶೂ ತಂದಿದ್ದರು. ಹಿಮದಲ್ಲಿ ಕಾಲು ಹೂಳದಂತೆ ಶೂವಿನ ಅಡಿಗೆ ಕಟ್ಟಿಕೊಳ್ಳುವ ಅಗಲದ ಹಲಗೆ ಅದು. ಆ ಬೆಟ್ಟಗಳ ಪೂರ್ವ ಭಾಗದಲ್ಲಿ ಹಿಮ ಎಂಟು ಅಂಗುಲ ದಾಟಿದ್ದರೆ ಸ್ನೋಶೂ ಇಲ್ಲವೇ ಸ್ಕೀ ಕಟ್ಟಿಕೊಂಡೇ ನಡೆಯಬೇಕು. ಇದು ಮನವಿಯಲ್ಲ, ನಿಯಮ. ಭಾವ ಕೌಂಟರಿನಲ್ಲಿದ್ದವನನ್ನು ಕೇಳಿದ್ದು, "ಅವಲಾಂಚ್ ಲೇಕಿನ ಹಾದಿ ತೆರೆದಿದೆಯಾ?" ಎಂದು. ಅವನು "ಹೌದು, ತೆರೆದಿದೆ" ಎಂದ. ಅಷ್ಟೇ. ಮೇಲೆ ಹಿಮ ಎಷ್ಟಿದೆ, ಹಳ್ಳಗಳು ಹೇಗಿವೆ, ಮಧ್ಯಾಹ್ನದ ನಂತರ ಏನಾಗುತ್ತದೆ ಎಂಬ ಒಂದು ಮಾತೂ ಅವನ ಬಾಯಿಂದ ಬರಲಿಲ್ಲ. ಎದುರಿಗೆ ಹದಿಹರೆಯದ ಹುಡುಗ ನಿಂತಿದ್ದ, ಅಪ್ಪ ಜೀನ್ಸ್ ಪ್ಯಾಂಟಿನಲ್ಲಿದ್ದರು. ಪ್ರತಿ ಏಪ್ರಿಲ್‌ನಲ್ಲೂ ಆ ಕೌಂಟರಿನಲ್ಲಿ ನಿಲ್ಲುವವನಿಗೆ ಇದೆಲ್ಲ ಕಾಣಬೇಕಿತ್ತು. ಬಾಡಿಗೆ ದುಡ್ಡು ಎಣಿಸಿಕೊಂಡು ಕಳುಹಿಸಿಕೊಟ್ಟ ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮರುದಿನ ಅಡಿರಾಂಡಾಕ್ ಲಾಜ್ ಬಳಿಯ ಪಾರ್ಕಿಂಗ್ ತಲುಪಿದಾಗ ಒಂಬತ್ತೂವರೆ. ಏಳಕ್ಕೇ ಹೊರಡೋಣವೆಂದರೆ, ತಿಂಡಿ ಮುಗಿಸದೆ ಹೊರಡಲು ಭಾವ ಒಪ್ಪಿರಲಿಲ್ಲ. ಪಕ್ಕದ ಹಾರ್ಟ್ ಲೇಕ್ ದಂಡೆಯಲ್ಲಿ ನೆಲ ತೆರೆದಿತ್ತು, ಅಲ್ಲಲ್ಲಿ ಮಾತ್ರ ಕೊಳಕು ಹಿಮದ ತೇಪೆ. ಅದನ್ನು ನೋಡಿ ಭಾವ ಸ್ನೋಶೂಗಳನ್ನು ಡಿಕ್ಕಿಯಲ್ಲೇ ಬಿಟ್ಟರು. "ಹುಲ್ಲು ಚಿಗುರೋ ಹೊತ್ತಲ್ಲಿ ಈ ಹಲಗೆ ಹೊತ್ಕೊಂಡು ಯಾರು ಹೋಗ್ತಾರೆ?" ನಾನು ಎರಡು ಸಲ ಹೇಳಿದೆ. ಅಕ್ಕನ ಮಗನೂ ಹೇಳಿದ. ಅವನು ಸ್ಕೌಟಿನಲ್ಲಿದ್ದವನು, ಆ ನಿಯಮ ಅವನಿಗೆ ಗೊತ್ತಿತ್ತು. ಭಾವ ಡಿಕ್ಕಿ ಮುಚ್ಚಿದರು.

ಮಾರ್ಸಿ ಡ್ಯಾಮಿನವರೆಗಿನ 3.7 ಕಿಲೋಮೀಟರ್ ಸಲೀಸು. ಕೆಸರಿತ್ತು, ಮರದ ದಿಮ್ಮಿ ಹಾಸಿದ ಕಡೆ ಜಾರುತ್ತಿತ್ತು, ಅಷ್ಟೇ. ಹೆಸರು ಡ್ಯಾಮ್ ಆದರೂ ಈಗ ಅಲ್ಲಿ ಕೆರೆಯಿಲ್ಲ. 2011ರ ಆಗಸ್ಟ್‌ನಲ್ಲಿ ಐರೀನ್ ಚಂಡಮಾರುತ ಆ ಮರದ ಕಟ್ಟೆಯನ್ನು ಒಡೆದು ಹಾಕಿತು, ನೀರು ಖಾಲಿಯಾದ ಜಾಗ ಹುಲ್ಲುಗಾವಲಾಯಿತು. ಅಲ್ಲಿಂದ ಕೋಲ್ಡನ್ ಬೆಟ್ಟ ಪೂರ್ತಿ ಕಾಣುತ್ತದೆ. ಈ ಜಾಗ 2,500 ಅಡಿಗಿಂತ ಕೆಳಗಿದೆ. ಇಲಾಖೆ ಎಳೆದ ಗೆರೆ ಇದರಾಚೆಗಿನ ಏರಿನಲ್ಲಿ ಎದುರಾಗುತ್ತದೆ, ಆ ಗೆರೆ ಯಾಕೆ ಅಲ್ಲಿದೆ ಎಂಬುದು ನಡೆದರೆ ಕಾಲಿಗೇ ತಿಳಿಯುತ್ತದೆ. ಡ್ಯಾಮ್ ದಾಟಿ ಅರ್ಧ ತಾಸು ಕಳೆಯುವಷ್ಟರಲ್ಲಿ ಕೆಸರು ಮುಗಿದು ಹಿಮ ಶುರುವಾಯಿತು. ಅವಲಾಂಚ್ ಪಾಸ್ ಎಂಬ ಬೆಟ್ಟದ ಕಂಡಿಯ ಏರು ಮುಟ್ಟುವಾಗ ಪಕ್ಕದ ಹಿಮಕ್ಕೆ ಚುಚ್ಚಿದ ಊರುಗೋಲು ಹಿಡಿಕೆಯವರೆಗೂ ಇಳಿಯುತ್ತಿತ್ತು.

ಚಳಿಗಾಲದಲ್ಲಿ ಹಾದಿಯ ನಡುಭಾಗವನ್ನು ಜನ ತುಳಿದು ತುಳಿದು ಹಿಮ ಅಲ್ಲಿ ಗಟ್ಟಿಯಾಗಿರುತ್ತದೆ. ವಸಂತದಲ್ಲಿ ಅಕ್ಕಪಕ್ಕದ ಸಡಿಲ ಹಿಮ ಮೊದಲು ಕುಸಿಯುತ್ತದೆ, ನಡುವಿನದು ಒಂದಡಿ ಅಗಲದ ದಿಂಡಾಗಿ ಉಳಿಯುತ್ತದೆ. ಅಲ್ಲಿಯ ಚಾರಣಿಗರು ಇದಕ್ಕೆ ಮೊನೊರೈಲ್ ಎನ್ನುತ್ತಾರೆ. ಬೆಳಗ್ಗೆ, ರಾತ್ರಿಯ ಚಳಿ ಬಿಡುವ ಮೊದಲು, ಅದರ ಮೇಲೆ ಆರಾಮಾಗಿ ನಡೆಯಬಹುದು. ಅಂದು ಹನ್ನೊಂದರ ಹೊತ್ತಿಗೆ ಅದು ಇನ್ನೂ ನಮ್ಮ ತೂಕ ಹೊರುತ್ತಿತ್ತು. ಭಾವ ಮುಂದೆ ನಡೆಯುತ್ತ, "ನೋಡಿದ್ಯಾ, ಕಾಂಕ್ರೀಟ್ ರಸ್ತೆ" ಎಂದರು. ಏರಿನ ನಡುವೆ ಒಂದು ಹಳ್ಳ ಅಡ್ಡ ಹರಿಯುತ್ತಿತ್ತು. ಹೆಸರಿಲ್ಲದ ಹಳ್ಳ, ನಕಾಶೆಯಲ್ಲಿ ಸಣ್ಣ ನೀಲಿ ಎಳೆ. ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಶೂ ನೆನೆಸದೆ ದಾಟಿದೆವು. ನೀರು ಕನ್ನಡಿಯಷ್ಟು ತಿಳಿ.

ಅವಲಾಂಚ್ ಪಾಸ್ ಒಂದು ಜಲವಿಭಾಜಕ. ಅದರ ಉತ್ತರಕ್ಕೆ ಕರಗಿದ ಹಿಮ ಮಾರ್ಸಿ ಬ್ರೂಕ್ ಹಿಡಿದು, ಕೊನೆಗೆ ಚಾಂಪ್ಲೇನ್ ಸರೋವರದ ಮೂಲಕ ಸೇಂಟ್ ಲಾರೆನ್ಸ್ ನದಿಗೆ ಸೇರುತ್ತದೆ. ದಕ್ಷಿಣಕ್ಕೆ ಕರಗಿದ್ದು ಹಡ್ಸನ್ ನದಿಯಾಗಿ ನ್ಯೂಯಾರ್ಕ್ ನಗರದ ಮಗ್ಗುಲಲ್ಲಿ ಹಾದು ಸಮುದ್ರ ಮುಟ್ಟುತ್ತದೆ. ಪಾಸ್ ದಾಟಿ ಇಳಿದರೆ 2,850 ಅಡಿಗೂ ಮೇಲೆ ಆ ಕೆರೆ. ಒಂದು ಕಡೆ ಕೋಲ್ಡನ್ ಬೆಟ್ಟದ ಗೋಡೆ, ಇನ್ನೊಂದು ಕಡೆ ಅವಲಾಂಚ್ ಬೆಟ್ಟದ ಗೋಡೆ. ಎರಡೂ ನೇರ ನೀರಿಗೇ ಇಳಿಯುತ್ತವೆ, ದಂಡೆ ಎಂಬುದೇ ಇಲ್ಲ. ಇದ್ದಷ್ಟು ಜಾಗದಲ್ಲಿ ಬಂಡೆಗಳ ರಾಶಿ, ಏಣಿಗಳು, ಕಲ್ಲಿನ ಗೋಡೆಗೆ ಕಬ್ಬಿಣದ ಮೊಳೆ ಬಿಗಿದು ನೀರಿನ ಮೇಲೆ ತೂಗಿಸಿದ ಮರದ ಹಲಗೆಗಳು. ಈ ಹಲಗೆಗಳಿಗೆ 'ಹಿಚ್ ಅಪ್ ಮಟಿಲ್ಡಾ' ಎಂಬ ಹೆಸರಿದೆ. 1868ರಲ್ಲಿ ಬಿಲ್ ನೈ ಎಂಬ ಮಾರ್ಗದರ್ಶಕ ಇಲ್ಲಿ ಮಟಿಲ್ಡಾ ಫೀಲ್ಡಿಂಗ್ ಎಂಬ ಮಹಿಳೆಯನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರು ದಾಟಿಸಿದ. ಆಕೆ ಜಾರುತ್ತಿದ್ದಂತೆ ದಂಡೆಯಲ್ಲಿದ್ದ ಗಂಡ, "ಮೇಲೆ ಸರಿದುಕೋ ಮಟಿಲ್ಡಾ" ಎಂದು ಕೂಗುತ್ತಿದ್ದನಂತೆ. ಅಕ್ಕನ ಮಗ ಈ ಕಥೆ ಹೇಳಿ ಅಪ್ಪನನ್ನು ನಗಿಸಿದ.

ಕೆರೆ ಚೆಲುವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಬೂದು ಬಣ್ಣದ ಮಂಜುಗಡ್ಡೆ, ಗೋಡೆಗಳ ಬುಡದಲ್ಲಿ ಒಂದು ಗೇಣು ತೆರೆದ ಕಪ್ಪು ನೀರು. ಗಡ್ಡೆಯ ಮೇಲೆ ಹಳೆಯ ಸ್ಕೀ ಗುರುತುಗಳಿದ್ದವು. ಚಳಿಗಾಲದಲ್ಲಿ ಜನ ಬಂಡೆಗಳ ಕಷ್ಟ ಬಿಟ್ಟು ಕೆರೆಯ ಮೇಲೆಯೇ ನಡೆಯುತ್ತಾರೆ. ಭಾವನಿಗೂ ಹಾಗೆ ನಡೆಯುವ ಮನಸ್ಸಾಯಿತು. ವಸಂತದ ಮಂಜುಗಡ್ಡೆ ಒಂದಡಿ ದಪ್ಪವಿದ್ದರೂ ನಂಬುವಂಥದ್ದಲ್ಲ. ಬಿಸಿಲು ಅದರೊಳಗೆ ಇಳಿದು ಇಡೀ ಹಾಳೆಯನ್ನು ನಿಂತ ಕಡ್ಡಿಗಳ ಕಟ್ಟಾಗಿ ಮಾಡಿರುತ್ತದೆ, ಕಾಲಿಟ್ಟರೆ ಬಿರುಕಿನ ಸದ್ದೂ ಕೇಳಿಸದೆ ಕುಸಿಯುತ್ತದೆ. ಹುಡುಗ ಅಪ್ಪನ ತೋಳು ಹಿಡಿದು, "ಬೇಡ ಅಪ್ಪ" ಎಂದು ಅಲ್ಲೇ ಕೂತುಬಿಟ್ಟ. ಅದೊಂದು ಮಾತು ಭಾವ ಕೇಳಿದರು. ಆದರೆ ಮಟಿಲ್ಡಾ ಹಲಗೆಗಳ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳದೆ ಹೊರಡಲು ಒಪ್ಪಲಿಲ್ಲ. ಹಿಮ ತುಂಬಿದ ಬಂಡೆಗಳ ಮೇಲೆ ಅಲ್ಲಿಯವರೆಗೆ ತೆವಳಿ ಹೋಗಿ ಬರುವಷ್ಟರಲ್ಲಿ ಎರಡು ಗಂಟೆ ಮೀರಿತ್ತು. ಬಿಸಿಲು ಚುರುಕಾಗಿತ್ತು. ಬರೀ ಅಂಗಿಯಲ್ಲೇ ಕೂತು ಚಪಾತಿ ತಿನ್ನುವಷ್ಟು ಹಿತವಾದ ಬಿಸಿಲು.

ಆ ಹಿತವಾದ ಬಿಸಿಲೇ ನಮ್ಮ ಹಾದಿಯನ್ನು ಕೆಡಿಸುತ್ತಿತ್ತು.

ಪಾಸ್ ಇಳಿಯತೊಡಗಿದ ಕೂಡಲೇ ತಿಳಿಯಿತು, ಬೆಳಗಿನ ದಿಂಡು ಈಗ ಇರಲಿಲ್ಲ. ನಾಲ್ಕು ಹೆಜ್ಜೆ ಹಿಡಿಯುತ್ತಿತ್ತು, ಐದನೆಯದಕ್ಕೆ ಮೊಣಕಾಲವರೆಗೆ ಹೂಳುತ್ತಿತ್ತು. ಕೆಳಗಿನಿಂದ ನೀರು ಹರಿಯುವ ಗುಳುಗುಳು ಸದ್ದು ಎಲ್ಲೆಡೆ ಕೇಳುತ್ತಿತ್ತು, ನೀರು ಮಾತ್ರ ಕಾಣುತ್ತಿರಲಿಲ್ಲ. ಭಾವ ಬೇಸತ್ತು ದಿಂಡು ಬಿಟ್ಟು ಪಕ್ಕಕ್ಕೆ, ಒಂದು ದೊಡ್ಡ ಬಂಡೆಯ ಮಗ್ಗುಲಿಗೆ ಕಾಲಿಟ್ಟರು. ಬಂಡೆಗೆ ಬಿಸಿಲು ತಾಗಿ ಬಿಸಿಯೇರಿ ಅದರ ಸುತ್ತ ಹಿಮದೊಳಗೆ ಪೊಳ್ಳಾಗಿರುತ್ತದೆ, ಮೇಲೆ ಬರೀ ತೆಳು ಪದರ. ಅವರ ಬಲಗಾಲು ಸೊಂಟದವರೆಗೆ ಒಂದೇ ಸಲಕ್ಕೆ ಇಳಿಯಿತು. ಎಡಗಾಲು ಮಡಚಿ ಮೇಲೆ ಸಿಕ್ಕಿಕೊಂಡಿತು. ಮುಖ ಹಿಮಕ್ಕೆ ಬಡಿಯಿತು.

ಮೊದಲು ಅವರು ನಕ್ಕರು. ಕಾಲೆಳೆದುಕೊಳ್ಳಲು ನೋಡಿದರು. ಬರಲಿಲ್ಲ. ಮತ್ತೆ ಎಳೆದರು. ನಗು ನಿಂತಿತು. "ಪಾದ ಎಲ್ಲೋ ಸಿಕ್ಕಿದೆ" ಎಂದರು. ಕೆಳಗೆ ಎರಡು ಕಲ್ಲುಗಳ ಸಂದಿಯಲ್ಲಿ ಶೂ ಬಿಗಿದಿತ್ತು, ಅದರ ಮೇಲೆ ಹಿಮ ಕರಗಿದ ನೀರು ಹರಿಯುತ್ತಿತ್ತು. ಹಿಗ್ಗಾಮುಗ್ಗಾ ಎಳೆದಷ್ಟೂ ಸುತ್ತಲ ಹಿಮ ಕುಸಿದು ತೊಡೆಯ ಸುತ್ತ ಬಿಗಿಯುತ್ತಿತ್ತು. ಕದಡಿದ ಹಿಮ ಸ್ವಲ್ಪ ಹೊತ್ತಿಗೇ ಗಟ್ಟಿಯಾಗುತ್ತದೆ ಎಂಬುದು ಅಲ್ಲಿ ಕಣ್ಣಾರೆ ಕಂಡೆ. ಬೆರಳಿನಿಂದ ಅಗೆಯಲು ಸಾಧ್ಯವೇ ಇರಲಿಲ್ಲ. ಸಲಿಕೆ ಇರಲಿಲ್ಲ. ಸ್ನೋಶೂ ಇದ್ದಿದ್ದರೆ ಅದರಿಂದಲೇ ಅಗೆಯಬಹುದಿತ್ತು, ಇದ್ದಿದ್ದರೆ ಕಾಲೇ ಹೂಳುತ್ತಿರಲಿಲ್ಲ.

ಉಪಾಯ ಹೊಳೆದದ್ದು ಹುಡುಗನಿಗೆ. ಚಪಾತಿ ತಂದ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದುಕೊಂಡು ಹೊಟ್ಟೆಯ ಮೇಲೆ ಉದ್ದಕ್ಕೆ ಮಲಗಿ ಅಪ್ಪನ ತೊಡೆಯ ಪಕ್ಕ ಕೆರೆಯತೊಡಗಿದ. ನಾನು ಡಬ್ಬಿಯಿಂದ ಹಿಮ ಎತ್ತಿ ಹಾಕುತ್ತಿದ್ದೆ. ಮುಚ್ಚಳದ ಅಂಚು ಬಗ್ಗಿತು, ಹುಡುಗನ ಕೈಗವಸು ನೆನೆದು ಭಾರವಾಯಿತು, ಅವನು ಅದನ್ನು ಕಿತ್ತೆಸೆದು ಬರಿಗೈಯಲ್ಲಿ ಕೆರೆದ. ಭಾವ ಸುಮ್ಮನಿದ್ದರು. ತೋಳುದ್ದ ಆಳ ಹೋದ ಮೇಲೆ ಅವನ ಕೈ ನೀರು ಮುಟ್ಟಿತು. ಲೇಸ್ ಬಿಚ್ಚಲು ನೋಡಿದ. ಬೆರಳಿಗೆ ಸ್ಪರ್ಶವೇ ಇಲ್ಲ, ಗಂಟು ಸಿಗುತ್ತಿಲ್ಲ. ಕೈ ಹೊರತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತ, ಮತ್ತೆ ಕೈ ಇಳಿಸಿದ. ಮೂರನೇ ಬಾರಿಗೆ ಜೇಬಿನ ಸಣ್ಣ ಚಾಕು ತೆಗೆದುಕೊಂಡು ನೀರಿನೊಳಗೆ ಕುರುಡಾಗಿಯೇ ಲೇಸ್ ಕತ್ತರಿಸಿದ. ಭಾವನನ್ನು ಕಂಕುಳಡಿ ಹಿಡಿದು ನಾನು ಹಿಂದಕ್ಕೆ ಎಳೆದೆ. ಪಾದ ಹೊರಬಂತು, ಶೂ ಕೆಳಗೇ ಉಳಿಯಿತು. ಕಾಲುಚೀಲದಿಂದ ನೀರು ಸುರಿಯುತ್ತಿತ್ತು. ಆಮೇಲೆ ಊರುಗೋಲಿನ ತುದಿಯಿಂದ ಶೂ ಕೆದಕಿ ತೆಗೆದು, ಬ್ಯಾಗಿನ ದಾರ ಕಟ್ಟಿ ಹಾಕಿಕೊಂಡದ್ದಾಯಿತು.

ಅಪಾಯ ಅಲ್ಲಿಗೆ ಮುಗಿಯಿತೆಂದು ತಿಳಿದಿದ್ದೆವು. ಭಾವ ಹಾಕಿದ್ದು ಹತ್ತಿಯ ಜೀನ್ಸ್. ಹತ್ತಿ ನೀರು ಕುಡಿದರೆ ಬಿಡುವುದಿಲ್ಲ, ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಬಿಸಿಲು ಬೆಟ್ಟದ ಹಿಂದೆ ಸರಿದಿತ್ತು, ಕಣಿವೆಯಲ್ಲಿ ಗಾಳಿ ಎದ್ದಿತ್ತು. ಮೊದಲು ಅವರು ಜೋರಾಗಿ ನಡುಗಿದರು. ನಡುಕವೆಂದರೆ ಮೈ ಇನ್ನೂ ಬಿಸಿಗಾಗಿ ಹೆಣಗುತ್ತಿದೆ ಎಂದರ್ಥ. ಸ್ವಲ್ಪ ದೂರ ಹೋದ ಮೇಲೆ ಮಾತು ನಿಂತಿತು. ಜಾಕೆಟಿನ ಜಿಪ್ ಹಾಕಿಕೊಳ್ಳಲು ಹೋಗಿ ಬೆರಳು ಆಡದೆ ಬಿಟ್ಟುಬಿಟ್ಟರು. ಏನಾಯಿತೆಂದು ಕೇಳಿದರೆ, "ಎಂಥದೂ ಇಲ್ಲ" ಎಂದು ತೊದಲಿದರು. ಮೈಯ ಒಳಗಿನ ಶಾಖ 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದಾಗ ಕಾಣುವ ಲಕ್ಷಣಗಳು ಇವೇ: ಎಡವುವುದು, ತೊದಲುವುದು, ಕೈ ತಡವರಿಸುವುದು, ಕಾರಣವಿಲ್ಲದೆ ಸಿಡುಕುವುದು. ಕೊನೆಗೆ, ತನಗೇನೂ ಆಗಿಲ್ಲವೆಂದು ಆ ಮನುಷ್ಯನೇ ಹಠ ಹಿಡಿಯುವುದು.

ಅಂಥ ಸ್ಥಿತಿಯಲ್ಲಿ ಬೆಳಗಿನ ಹಳ್ಳದ ದಡಕ್ಕೆ ಬಂದೆವು.

ನಾವು ಕಾಲಿಟ್ಟು ದಾಟಿದ್ದ ಕಲ್ಲುಗಳು ಒಂದೂ ಕಾಣುತ್ತಿರಲಿಲ್ಲ. ಕಂದು ನೀರು ನೊರೆಯೆದ್ದು ಧುಮುಕುತ್ತಿತ್ತು, ತಳದಲ್ಲಿ ಕಲ್ಲುಗಳು ಉರುಳುವ ಸದ್ದು ನೀರಿನ ಸದ್ದಿನ ಮೇಲೂ ಕೇಳುತ್ತಿತ್ತು. ಬೆಳಗ್ಗೆ ಇದೇ ಜಾಗದಲ್ಲಿ ನಿಂತು ಬಾಟಲಿ ತುಂಬಿಕೊಂಡಿದ್ದೆವು. ದಿನವಿಡೀ ಬಿಸಿಲಿಗೆ ಕರಗಿದ ಹಿಮ ಮೇಲಿನಿಂದ ಇಲ್ಲಿಗೆ ಬಂದು ಮುಟ್ಟಲು ಕೆಲವು ತಾಸು ಬೇಕು. ಹಾಗಾಗಿ ಮೋಡವಿಲ್ಲದ ಏಪ್ರಿಲ್ ದಿನದಲ್ಲಿ ಇಂಥ ಹಳ್ಳಗಳು ತುಂಬಿ ಹರಿಯುವುದು ಮಧ್ಯಾಹ್ನದ ನಂತರ, ಸಂಜೆಯ ಹೊತ್ತಿಗೆ. ರಾತ್ರಿ ಚಳಿಗೆ ಕರಗುವುದು ನಿಂತು ಬೆಳಗ್ಗೆ ಮತ್ತೆ ಇಳಿದಿರುತ್ತವೆ. ಮಲೆನಾಡಿನಲ್ಲಿ ಹಳ್ಳ ಏರಬೇಕಾದರೆ ಮಳೆ ಬರಬೇಕು, ಮೋಡ ನೋಡಿ ಲೆಕ್ಕ ಹಾಕಬಹುದು. ಇಲ್ಲಿ ಒಂದು ಹನಿ ಮಳೆಯಿಲ್ಲದೆ, ನೀಲಿ ಆಕಾಶದ ಕೆಳಗೇ ಹಳ್ಳ ಏರುತ್ತದೆ. ಭಾವನ ಅನುಭವ ಅವರನ್ನು ಕೈಬಿಟ್ಟದ್ದು ಇಲ್ಲಿ.

ಅವರು ಹಾರುತ್ತೇನೆ ಎಂದರು. ಸರಿಯಾಗಿ ನಿಲ್ಲಲೂ ಆಗದ ಮನುಷ್ಯ, ದಾರ ಕಟ್ಟಿದ ಶೂ, ಎದುರಿಗೆ ಆ ನೀರು. ಮಗ ಅವರ ಬ್ಯಾಗಿನ ಪಟ್ಟಿ ಹಿಡಿದು ಎಳೆದ. ಭಾವ ಅವನ ಕೈ ಕೊಡವಿ ಜೋರಾಗಿ ಬೈದರು. ಎಂದೂ ಮಗನ ಮೇಲೆ ದನಿ ಎತ್ತದವರು. ಹುಡುಗ ಅಳುತ್ತಲೇ ಪಟ್ಟಿ ಬಿಡಲಿಲ್ಲ. ನಾನು ಎದುರಿಗೆ ಬಂದು ಅಡ್ಡ ನಿಂತೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ. ಫೋನಿಗೆ ಸಿಗ್ನಲ್ ಇರಲಿಲ್ಲ, ಆ ಕಣಿವೆಯಲ್ಲಿ ಇರುವುದೂ ಇಲ್ಲ.

ಆಗ ಮೇಲಿನಿಂದ ಸ್ನೋಶೂ ಕಟ್ಟಿಕೊಂಡ ಒಂದು ಜೋಡಿ ಇಳಿದು ಬಂತು. ಕೆನಡಾದ ಕ್ವಿಬೆಕ್‌ನವರು. ಗಡಿ ಹತ್ತಿರವಾದ್ದರಿಂದ ಅಲ್ಲಿಂದ ಬರುವ ಚಾರಣಿಗರು ಆ ಹಾದಿಯಲ್ಲಿ ಸಾಮಾನ್ಯ. ಹೆಂಗಸು ಭಾವನ ಮುಖ ನೋಡಿದ್ದೇ ಒಂದು ಮಾತೂ ಕೇಳದೆ ಬ್ಯಾಗ್ ಇಳಿಸಿದಳು. ಜೀನ್ಸ್ ಬಿಚ್ಚಿಸಿ ತನ್ನ ಗಂಡನ ಒಣ ಪ್ಯಾಂಟ್ ಹಾಕಿಸಿದಳು, ಉಣ್ಣೆಯ ಕಾಲುಚೀಲ ತೊಡಿಸಿದಳು, ಫ್ಲಾಸ್ಕಿನಿಂದ ಸಕ್ಕರೆ ಸುರಿದ ಬಿಸಿ ಚಹಾ ಗುಟುಕು ಗುಟುಕಾಗಿ ಕುಡಿಸಿದಳು. ಸುಮಾರು ಹೊತ್ತಾದ ಮೇಲೆ ಭಾವ ಮತ್ತೆ ನಡುಗತೊಡಗಿದರು. ನಡುಕ ಮರಳಿದ್ದನ್ನು ಕಂಡು ಆಕೆ ಮೊದಲ ಸಲ ನಕ್ಕಳು. ಅಷ್ಟರಲ್ಲಿ ಅವಳ ಗಂಡ ಹಳ್ಳದ ಗುಂಟ ಮೇಲಕ್ಕೆ ಹೋಗಿ, ನೀರು ಮೂರು ಕವಲಾಗಿ ಒಡೆದು ತೆಳುವಾಗಿ ಹರಿಯುವ ಜಾಗ ಹುಡುಕಿ ಬಂದಿದ್ದ. ಬ್ಯಾಗಿನ ಸೊಂಟಪಟ್ಟಿ ಬಿಚ್ಚಿರಬೇಕು, ಬಿದ್ದರೆ ಬ್ಯಾಗ್ ಮೈಗೆ ಅಂಟಿ ಮುಳುಗಿಸಬಾರದು ಎಂದ. ನೀರು ಬರುವ ದಿಕ್ಕಿಗೆ ಮುಖ ಮಾಡಿ, ಊರುಗೋಲು ಊರಿ, ಅಡ್ಡಡ್ಡ ಹೆಜ್ಜೆಯಲ್ಲಿ ಒಬ್ಬೊಬ್ಬರಾಗಿ ದಾಟಿದೆವು. ಮೊಣಕಾಲವರೆಗೆ ನೀರು. ಅದು ಎಷ್ಟು ತಣ್ಣಗಿತ್ತೆಂದು ಹೇಳಲು ನನ್ನ ಬಳಿ ಮಾತಿಲ್ಲ.

ಪಾರ್ಕಿಂಗ್ ತಲುಪಿದಾಗ ಪೂರ್ತಿ ಕತ್ತಲು. ಆ ಜೋಡಿ ಕೊನೆಯವರೆಗೂ ಜೊತೆಗೇ ನಡೆದರು. ಭಾವನ ಎರಡು ಬೆರಳಿಗೆ ಬಹಳ ದಿನ ಸ್ಪರ್ಶ ಬರಲಿಲ್ಲ. ರೂಮಿನಲ್ಲಿ ಅವರ ಅಮ್ಮ ಊಟ ಬಿಟ್ಟು ಕಿಟಕಿಯ ಬಳಿ ಕೂತಿದ್ದರು. ಎಪ್ಪತ್ತು ದಾಟಿದ ಆ ಹೆಂಗಸಿಗೆ ಅಂಥ ಸಂಜೆ ಕೊಟ್ಟದ್ದನ್ನು ನಾನು ಭಾವನಿಗೆ ಮನ್ನಿಸಿಲ್ಲ. ಡಿಕ್ಕಿಯ ಮುಚ್ಚಳ ಹಾಕಿದ ಆ ಕ್ಷಣವನ್ನೂ ಮನ್ನಿಸಿಲ್ಲ. ಕೇಳಿದರೆ ಅವರು ಈಗಲೂ, "ಆ ಬಂಡೆ ಪಕ್ಕ ಕಾಲಿಡದೇ ಇದ್ದಿದ್ರೆ ಎಂಥದೂ ಆಗ್ತಿರಲಿಲ್ಲ" ಎನ್ನುತ್ತಾರೆ. ಅದು ಸರಿಯಲ್ಲ. ಕಾಲು ಹೂಳದೇ ಇದ್ದರೂ ಆ ಹಳ್ಳ ಆ ಹೊತ್ತಿಗೆ ಅಲ್ಲಿ ಹಾಗೆಯೇ ಇರುತ್ತಿತ್ತು.

ಹೋಗಲೇಬೇಕೆನ್ನುವವರಿಗೆ ಹೇಳಬಹುದಾದದ್ದು ಕೊಂಚವೇ. ಹೋಗುವಾಗ ದಾಟಿದ ಪ್ರತಿ ಹಳ್ಳದ ಮುಂದೆ ನಿಂತು, ಇದರ ನೀರು ಎರಡು ಪಟ್ಟಾದರೆ ಮರಳಿ ದಾಟಬಲ್ಲೆವೇ ಎಂದು ಕೇಳಿಕೊಳ್ಳಿ. ಉತ್ತರದಲ್ಲಿ ಅನುಮಾನವಿದ್ದರೆ ಅಲ್ಲೇ ತಿರುಗಿ. ಬೆಳಕು ಹರಿಯುವಾಗ ಹೊರಟು ಮಧ್ಯಾಹ್ನದೊಳಗೆ ಕೆಳಗಿರಿ. ಹತ್ತಿ ಬಟ್ಟೆ ಬೇಡ, ಒಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ಯಿರಿ, ಫ್ಲಾಸ್ಕ್ ಮರೆಯಬೇಡಿ. ಕೆಸರು ಸಿಕ್ಕರೆ ಅದರ ನಡುವೆಯೇ ನಡೆಯಿರಿ. ಪಕ್ಕದ ಗಿಡ ತುಳಿಯದೆ ಮುಂದೆ ಹೋಗಲಾಗದು ಎನ್ನುವಂತಾದರೆ ಮರಳಿ ಬನ್ನಿ ಎಂಬುದು ವರ್ಮಾಂಟ್‌ನಲ್ಲಿ 1910ರಿಂದ ಹಾದಿಗಳನ್ನು ಕಾಯುತ್ತ ಬಂದಿರುವ ಗ್ರೀನ್ ಮೌಂಟೇನ್ ಕ್ಲಬ್ಬಿನ ಸಲಹೆ.

ಊರಿನಿಂದ ಅಪ್ಪ ಅಮ್ಮ ಬರುವುದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲೇ. ಅವರಿಗೆ ಬೆಟ್ಟ, ಕೆರೆ ತೋರಿಸಬೇಕೆಂಬ ಆಸೆ ಎಲ್ಲ ಮಕ್ಕಳಿಗೂ ಇರುತ್ತದೆ. ಲೇಕ್ ಪ್ಲ್ಯಾಸಿಡ್ ಊರ ನಡುವೆಯೇ ಮಿರರ್ ಲೇಕ್ ಇದೆ, ಅದರ ಸುತ್ತ ಸುಮಾರು 4.3 ಕಿಲೋಮೀಟರ್ ಕಾಲುದಾರಿ. ಹಿರಿಯರು ಚಪ್ಪಲಿಯಲ್ಲೇ ನಡೆದು ಮುಗಿಸಬಹುದು, ದಣಿದರೆ ಕೂರಲು ಬೆಂಚುಗಳಿವೆ. ಗಟ್ಟಿ ಕಾಲಿನವರು ಮಾರ್ಸಿ ಡ್ಯಾಮಿನವರೆಗೆ ಹೋಗಿ ಕೋಲ್ಡನ್ ಬೆಟ್ಟ ನೋಡಿ ಬರಲಿ. ಅವಲಾಂಚ್ ಲೇಕಿಗೆ ಜೂನ್ ನಡುಭಾಗ ಕಳೆದ ಮೇಲೆ ಹೋಗಿ. ಆಗ ಕಪ್ಪು ನೊಣಗಳ ಕಾಟ ಉಳಿದಿರುತ್ತದೆ, ತಲೆಗೆ ಹಾಕಿಕೊಳ್ಳುವ ಬಲೆ ಒಯ್ಯಿರಿ. ಲಾಜ್ ಬಳಿಯ ಪಾರ್ಕಿಂಗ್ ಬೇಸಿಗೆಯ ವಾರಾಂತ್ಯಗಳಲ್ಲಿ ಬೆಳಗ್ಗೆಯೇ ತುಂಬಿಬಿಡುತ್ತದೆ.